ಶಾಸಕರ ಸಾಧನೆಯ ಪುಸ್ತಿಕೆ ಕೈಗೆ ಬಂದರೆ ಹೇಗೆ ಓದಬೇಕು

ಕಾಸರಗೋಡು ಪೇಟೆಯ ಒಂದು ಮುದ್ರಣಾಲಯದಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಅಕ್ಷರ ಜೋಡಿಸುತ್ತಿದ್ದೇನೆ. ಮದುವೆಯ ಕರೆಯೋಲೆ, ಬ್ರಹ್ಮಕಲಶೋತ್ಸವದ ಆಮಂತ್ರಣ, ಉರೂಸಿನ ನೋಟೀಸು, ತೆಯ್ಯಂಕಟ್ಟಿನ ಕರಪತ್ರ ಇವುಗಳ ನಡುವೆ ಶಾಸಕರ ಸಾಧನೆಯ ಪುಸ್ತಿಕೆಗಳೂ ಬರುತ್ತವೆ. ಮೂಲ ಮಲಯಾಳದಲ್ಲಿರುತ್ತದೆ. ಕನ್ನಡ ಓದುವ ಮನೆಗಳಿಗೆ ಹಂಚಲು ಕನ್ನಡದಲ್ಲೂ ಬೇಕೆನ್ನುತ್ತಾರೆ. ಅನುವಾದವೂ ನನ್ನದೇ, ಜೋಡಣೆಯೂ ನನ್ನದೇ. ಎಲ್ಲ ಪಕ್ಷಗಳ ಪುಸ್ತಿಕೆಗಳನ್ನೂ ಮಾಡಿದ್ದೇನೆ, ಆದ್ದರಿಂದ ಇಲ್ಲಿ ಯಾವ ಪಕ್ಷದ ಹೆಸರೂ ಬರುವುದಿಲ್ಲ.

ಈ ಬರಹಕ್ಕೆ ಕಾರಣ ನಮ್ಮ ಮನೆಯ ಹತ್ತಿರದ ಒಂದು ತೋಡು, ಅಂದರೆ ಸಣ್ಣ ಹೊಳೆ. ಅದರ ಮೇಲೆ ಇದ್ದದ್ದು ಅಡಿಕೆ ಮರದ ಸಂಕ, ಅಂದರೆ ನಡೆದು ದಾಟುವ ಕಿರುಸೇತುವೆ. ಒಂದು ವರ್ಷದ ಪುಸ್ತಿಕೆಯಲ್ಲಿ ಆ ಜಾಗದ ಕಾಲುಸಂಕಕ್ಕೆ ‘ಭರಣಾನುಮತಿ ಲಭಿಚ್ಚು’ ಎಂಬ ಸಾಲಿತ್ತು. ನಾನು ಅದನ್ನು ‘ಕಾಲುಸಂಕ ಮಂಜೂರಾಗಿದೆ’ ಎಂದು ಕನ್ನಡಕ್ಕೆ ತಂದೆ. ಮುಂದಿನ ಜೂನ್‌ನಲ್ಲಿ ನೆರೆಮನೆಯ ಅಕ್ಕ ಸೀರೆಯ ಅಂಚು ಒದ್ದೆಯಾದ ಹಾಗೆಯೇ ಮುದ್ರಣಾಲಯದ ಬಾಗಿಲಿಗೆ ಬಂದರು. “ಅಣ್ಣ, ನೀವೇ ಅಚ್ಚು ಹಾಕಿದ್ದೀರಲ್ಲ, ಸಂಕ ಎಲ್ಲಿ? ಅದನ್ನು ನೋಡಿಯೇ ಮಗಳನ್ನು ತೋಡಿನಾಚೆಯ ಶಾಲೆಗೆ ಸೇರಿಸಿದೆ. ಇವತ್ತು ಸೊಂಟದ ಮಟ್ಟದ ನೀರಿನಲ್ಲಿ ಅವಳನ್ನು ಎತ್ತಿಕೊಂಡು ದಾಟಿದೆ” ಎಂದರು.

ಪುಸ್ತಿಕೆ ಸುಳ್ಳು ಹೇಳಿರಲಿಲ್ಲ. ಕಾಗದದ ಮೇಲೆ ಒಂದು ಅನುಮತಿ ನಿಜವಾಗಿಯೂ ಸಿಕ್ಕಿತ್ತು. ಅದು ಹಲವು ಮೆಟ್ಟಿಲುಗಳಲ್ಲಿ ಒಂದು ಎಂಬುದು ಗೊತ್ತಿಲ್ಲದೆ ನಾನು ತಪ್ಪು ಶಬ್ದ ಹಾಕಿದ್ದೆ. ಆ ದಿನದಿಂದ ಇಂಥ ಪುಸ್ತಿಕೆಯ ಒಂದೊಂದು ಸಾಲಿಗೂ ಹಿಂದೆ ಯಾವ ಕಾಗದವಿದೆ ಎಂದು ಹುಡುಕಿ ಕಲಿತಿದ್ದೇನೆ. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕ್ರಿಯಾಪದ ನೋಡಿ

ಮೊತ್ತ ದಪ್ಪ ಅಕ್ಷರದಲ್ಲಿರುತ್ತದೆ, ಕಣ್ಣು ಅಲ್ಲಿಗೇ ಹೋಗುತ್ತದೆ. ನೀವು ಪೆನ್ಸಿಲ್ ಹಿಡಿದು ಸಾಲಿನ ಕೊನೆಯ ಶಬ್ದಕ್ಕೆ ಗೆರೆ ಎಳೆಯಿರಿ. ಕೇರಳದಲ್ಲಿ ಒಂದು ಸಾರ್ವಜನಿಕ ಕಾಮಗಾರಿ ಸಾಗುವ ದಾರಿ ಹೆಚ್ಚುಕಡಿಮೆ ಹೀಗಿರುತ್ತದೆ. ಶಾಸಕರು ಪ್ರಸ್ತಾವ ಕೊಡುತ್ತಾರೆ. ಎಂಜಿನಿಯರು ಅಂದಾಜುಪಟ್ಟಿ ಮಾಡುತ್ತಾರೆ. ಆಮೇಲೆ ಆಡಳಿತಾನುಮತಿ, ಮಲಯಾಳದ ‘ಭರಣಾನುಮತಿ’ ಇದೇ: ಈ ಕೆಲಸಕ್ಕೆ ಇಷ್ಟು ಹಣ ಖರ್ಚು ಮಾಡಬಹುದು ಎಂಬ ಒಪ್ಪಿಗೆ. ಅದರ ಬಳಿಕ ತಾಂತ್ರಿಕ ಅನುಮತಿ: ಈ ನಕ್ಷೆಯಂತೆ, ಈ ಲೆಕ್ಕದಂತೆ ಕಟ್ಟಬಹುದು ಎಂಬ ಎಂಜಿನಿಯರಿಂಗ್ ವಿಭಾಗದ ಒಪ್ಪಿಗೆ. ಬಳಿಕ ಟೆಂಡರ್, ಗುತ್ತಿಗೆದಾರರ ಜೊತೆ ಕರಾರು, ಜಾಗ ಬಿಟ್ಟುಕೊಡುವುದು, ಕೆಲಸ, ಅಳತೆ, ಬಿಲ್ಲು. ನಮ್ಮ ಸಂಕ ನಿಂತದ್ದು ಟೆಂಡರ್‌ನಲ್ಲಿ. ಎರಡು ಸಲ ಕರೆದರೂ ಒಬ್ಬ ಗುತ್ತಿಗೆದಾರರೂ ಬಂದಿರಲಿಲ್ಲ. ಅಂದಾಜುಪಟ್ಟಿಯ ದರದಲ್ಲಿ ಜಲ್ಲಿ, ಸಿಮೆಂಟುಗಳನ್ನು ವಾಹನ ಹೋಗದ ಜಾಗಕ್ಕೆ ತಲೆಹೊರೆಯಲ್ಲಿ ಸಾಗಿಸಿ ಕಟ್ಟಲಾಗದು ಎಂದು ಅವರಿಗೆ ಕಂಡಿತ್ತು.

ನಮ್ಮ ಕಡೆಯ ಓದುಗರು ಮೂರು ಶಬ್ದಗಳ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು.

ಒಂದು, ‘ಸಾಂಕೇತಿಕ’. ಮಲಯಾಳದಲ್ಲಿ ಇದರ ಅರ್ಥ ತಾಂತ್ರಿಕ. ಅವಸರದ ಅನುವಾದದಲ್ಲಿ ‘ಸಾಂಕೇತಿಕ ಅನುಮತಿ ದೊರೆತಿದೆ’ ಎಂದು ಹಾಗೆಯೇ ಉಳಿದುಬಿಡುತ್ತದೆ. ಕನ್ನಡದವರು ಅದನ್ನು ಹೆಸರಿಗೆ ಮಾತ್ರ ಕೊಟ್ಟ ಒಪ್ಪಿಗೆ ಎಂದು ತಿಳಿಯುತ್ತಾರೆ. ನಿಜದಲ್ಲಿ ಅದು ಆಡಳಿತಾನುಮತಿಗಿಂತ ಒಂದು ಮೆಟ್ಟಿಲು ಮುಂದಿನದು, ಕೆಲಸ ಹತ್ತಿರ ಬಂದದ್ದಕ್ಕೆ ಗುರುತು.

ಎರಡು, ‘ಉದ್ಘಾಟನೆ’. ಇಲ್ಲಿ ‘ನಿರ್ಮಾಣೋದ್ಘಾಟನ’ ಎಂಬ ಪದ್ಧತಿ ಇದೆ, ಅಂದರೆ ಕೆಲಸ ಶುರುವಾಗುವುದರ ಉದ್ಘಾಟನೆ. ಚಿತ್ರದ ಕೆಳಗೆ ಬರಿಯ ‘ಉದ್ಘಾಟನೆ’ ಎಂದು ಬರೆದರೆ ಕಟ್ಟಡ ಮುಗಿದಿದೆ ಎಂದೇ ಅನ್ನಿಸುತ್ತದೆ. ಚಿತ್ರದಲ್ಲಿ ರಿಬ್ಬನ್ ಇದೆಯೋ, ಕಲ್ಲು ಇದೆಯೋ, ಗಣ್ಯರ ಹಿಂದೆ ಗೋಡೆ ಇದೆಯೋ, ಬಯಲಿದೆಯೋ ನೋಡಿ.

ಮೂರನೆಯದು ‘ವಕಯಿರುತ್ತಿ’, ಎಂದರೆ ಕಾದಿರಿಸಿದ್ದಾರೆ. ರಾಜ್ಯ ಬಜೆಟ್ಟಿನಲ್ಲಿ ಒಂದು ರಸ್ತೆಯ ಹೆಸರು ಬಂದಿದೆ ಎಂದರೆ ಅದರ ಪೂರ್ತಿ ಮೊತ್ತ ಆ ವರ್ಷದಲ್ಲಿ ಸಿಗುತ್ತದೆ ಎಂದರ್ಥವಲ್ಲ. ಹಲವು ಕಾಮಗಾರಿಗಳಿಗೆ ಕೇವಲ 100 ರೂಪಾಯಿ ಟೋಕನ್ ಮೊತ್ತ ಇಟ್ಟಿರುತ್ತಾರೆ. ಬಜೆಟ್ಟಿನಲ್ಲಿ ಹೆಸರು ಉಳಿಯಲಿ, ಮುಂದೆ ಹಣ ಬಂದಾಗ ಬಾಗಿಲು ತೆರೆದಿರಲಿ ಎಂಬ ಉದ್ದೇಶ ಅದರದು. ಶಾಸಕರು ಹೆಸರು ಸೇರಿಸಲು ಓಡಾಡಿರುತ್ತಾರೆ, ಆ ಶ್ರಮ ಸುಳ್ಳಲ್ಲ. ಆದರೆ ‘ಬಜೆಟ್ಟಿನಲ್ಲಿ ನಾಲ್ಕು ಕೋಟಿಯ ರಸ್ತೆ’ ಎಂದು ಓದಿದಾಗ ‘ಈ ವರ್ಷ ಇಟ್ಟ ಮೊತ್ತ ಎಷ್ಟು?’ ಎಂದು ಕೇಳಿ.

ಹಣ ಯಾರ ಜೇಬಿನದು

‘ಶಾಸಕರ ನಿಧಿಯಿಂದ’ ಎಂಬ ಮಾತು ಪುಸ್ತಿಕೆಯಲ್ಲಿ ಬಹಳ ಸಡಿಲವಾಗಿ ಬಳಕೆಯಾಗುತ್ತದೆ. ಒಂದು ಕ್ಷೇತ್ರದೊಳಗೆ ಬೀಳುವ ಎಲ್ಲ ಹಣವನ್ನೂ ಒಟ್ಟು ಕೂಡಿಸಿ ‘ಐದು ವರ್ಷಗಳಲ್ಲಿ ಇಷ್ಟು ನೂರು ಕೋಟಿ’ ಎಂದು ಮುಖಪುಟದಲ್ಲಿ ಹಾಕುತ್ತಾರೆ. ಅದನ್ನು ಬಿಡಿಸಿ ನೋಡುವುದೇ ನಿಮ್ಮ ಮುಖ್ಯ ಕೆಲಸ.

ಶಾಸಕರೇ ಕೆಲಸಗಳನ್ನು ಆರಿಸಿ ಸೂಚಿಸುವ ಹಣ ಎರಡು ಬಗೆಯದು. ಒಂದು ವಿಶೇಷ ಅಭಿವೃದ್ಧಿ ನಿಧಿ, ಇನ್ನೊಂದು ಆಸ್ತಿ ಅಭಿವೃದ್ಧಿ ನಿಧಿ. ಎರಡನೆಯದರಲ್ಲಿ ‘ಆಸ್ತಿ’ ಎಂದರೆ ಶಾಲಾ ಕೊಠಡಿ, ರಸ್ತೆ, ಸೇತುವೆಯಂಥ ಸಾರ್ವಜನಿಕ ಸೊತ್ತು. ಈ ಹಣ ಶಾಸಕರ ಕೈಗೆ ಬರುವುದಿಲ್ಲ. ಅವರು ಪತ್ರ ಬರೆಯುತ್ತಾರೆ, ಅನುಮತಿ ಕೊಡುವುದು ಮತ್ತು ಖರ್ಚು ಮಾಡುವುದು ಸರಕಾರಿ ಕಚೇರಿಗಳು. ಹೈಮಾಸ್ಟ್ ದೀಪ, ಬಸ್ ತಂಗುದಾಣ, ಅಂಗನವಾಡಿ ಕಟ್ಟಡ, ಶಾಲಾ ವಾಹನ, ಕಾಲುಸಂಕಗಳಲ್ಲಿ ಹೆಚ್ಚಿನವು ಈ ನಿಧಿಗಳಿಂದ ಆಗುತ್ತವೆ. ಶಾಸಕರ ಆಯ್ಕೆ, ಆದ್ಯತೆ, ನ್ಯಾಯದೃಷ್ಟಿ ಎಲ್ಲವೂ ನಿಚ್ಚಳವಾಗಿ ಕಾಣುವುದು ಇಲ್ಲಿಯೇ. ಈ ಪಟ್ಟಿಯನ್ನು ಪಂಚಾಯತಿವಾರು ಬಿಡಿಸಿ. ಉದಾಹರಣೆಗೆ ಮಂಜೇಶ್ವರ ಕ್ಷೇತ್ರದಲ್ಲಿ ಎಂಟು ಪಂಚಾಯತಿಗಳಿವೆ: ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆ, ಮಂಗಲ್ಪಾಡಿ, ಕುಂಬಳೆ, ಪುತ್ತಿಗೆ, ಎಣ್ಮಕಜೆ. ಕಾಗದದ ಮೇಲೆ ಎಂಟು ಕಂಬ ಎಳೆದು ಕೆಲಸಗಳನ್ನು ಒಂದೊಂದಾಗಿ ತುಂಬಿಸಿ. ಕರಾವಳಿಯ ಕಂಬ ತುಂಬಿ ಗುಡ್ಡದ ಬದಿಯದು ಖಾಲಿಯೇ, ಎಲ್ಲ ಕಡೆ ಹಂಚಿದೆಯೇ ಎಂದು ಅರ್ಧ ಗಂಟೆಯಲ್ಲಿ ಕಾಣುತ್ತದೆ. ಪುಸ್ತಿಕೆಗಳು ಪಂಚಾಯತಿವಾರು ಪಟ್ಟಿ ಕೊಡದೆ ‘ರಸ್ತೆ’, ‘ಶಿಕ್ಷಣ’, ‘ಆರೋಗ್ಯ’ ಎಂದು ವಿಂಗಡಿಸುವುದರಿಂದ ಇದು ಓದುಗರ ಕಣ್ಣಿಗೆ ಬೀಳುವುದೇ ಇಲ್ಲ.

ಉಳಿದ ಹಣದ ಮೂಲಗಳು ಬೇರೆ. ಕಾಸರಗೋಡು ಅಭಿವೃದ್ಧಿ ಪ್ಯಾಕೇಜ್ ನಮ್ಮ ಜಿಲ್ಲೆಗೇ ಮೀಸಲಾದದ್ದು, ಮಾಜಿ ಮುಖ್ಯ ಕಾರ್ಯದರ್ಶಿ ಪಿ. ಪ್ರಭಾಕರನ್ ಆಯೋಗದ ವರದಿಯ ಮೇಲೆ ನಿಂತದ್ದು. 1984ರಲ್ಲಿ ಹುಟ್ಟಿದ ಈ ಜಿಲ್ಲೆ ಆಸ್ಪತ್ರೆ, ಕಾಲೇಜು, ರಸ್ತೆ ಎಲ್ಲದರಲ್ಲೂ ಹಿಂದುಳಿದಿದೆ ಎಂಬುದನ್ನು ಸರಕಾರವೇ ಒಪ್ಪಿ ಕೊಟ್ಟ ಹಣ ಇದು. ‘ಕಿಫ್ಬಿ’ ಎಂದು ಕರೆಯುವ ಕೇರಳ ಮೂಲಸೌಕರ್ಯ ಹೂಡಿಕೆ ನಿಧಿ ಮಂಡಳಿಯದು ಸಾಲ ಎತ್ತಿ ತರುವ ಹಣ. ನಂದಾರಪದವಿನಿಂದ ಹೊರಡುವ ಮಲೆನಾಡ ಹೆದ್ದಾರಿಗೆ ಬಂದದ್ದು ಈ ದಾರಿಯಿಂದ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಆರು ಪಥದ ರಾಷ್ಟ್ರೀಯ ಹೆದ್ದಾರಿ ಕೇಂದ್ರದ ಯೋಜನೆ, ಭೂಸ್ವಾಧೀನದ ವೆಚ್ಚದಲ್ಲಿ ಶೇಕಡ 25ರಷ್ಟನ್ನು ರಾಜ್ಯ ವಹಿಸಿಕೊಂಡಿತು. ಹಾಗಾಗಿ ಆ ಹೆದ್ದಾರಿಯ ಚಿತ್ರ ಲೋಕಸಭಾ ಸದಸ್ಯರ ಪುಸ್ತಿಕೆಯಲ್ಲೂ ಶಾಸಕರ ಪುಸ್ತಿಕೆಯಲ್ಲೂ ಬರುತ್ತದೆ. ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ, ಅದು ಬೇರೆಯದೇ ಲೆಕ್ಕ. ಪಂಚಾಯತಿಯ ಯೋಜನಾ ನಿಧಿ ಗ್ರಾಮಸಭೆಯಲ್ಲಿ ನೀವೇ ಕೈ ಎತ್ತಿ ಒಪ್ಪಿದ ಹಣ. ಅದನ್ನೂ ಶಾಸಕರ ಮೊತ್ತಕ್ಕೆ ಸೇರಿಸಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಪುಸ್ತಿಕೆಗಳಲ್ಲಿ ಜೋಡಿಸಿದ್ದೇನೆ.

ಇನ್ನೊಂದು ಬಗೆಯ ಹಣದ ಬಗ್ಗೆ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ. ಎಂಡೋಸಲ್ಫಾನ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಆದೇಶಿಸಿತು, ಮೂರು ತಿಂಗಳ ಗಡುವನ್ನೂ ಕೊಟ್ಟಿತು. 2022ರಲ್ಲಿಯೂ ಸಂತ್ರಸ್ತರು ನ್ಯಾಯಾಂಗ ನಿಂದನೆಯ ಅರ್ಜಿ ಹಿಡಿದು ಅದೇ ಬಾಗಿಲಿಗೆ ಹೋಗಬೇಕಾಯಿತು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ವಿಷಕ್ಕೆ ಮಕ್ಕಳ ಬದುಕು ತೆತ್ತ ತಾಯಂದಿರು ಬಿಸಿಲಲ್ಲಿ ಕುಳಿತು ಗೆದ್ದ ಹಣ ಅದು. ಯಾವುದೇ ಜನಪ್ರತಿನಿಧಿಯ ಪುಸ್ತಿಕೆಯಲ್ಲಿ ಆ ಮೊತ್ತ ‘ತಂದುಕೊಟ್ಟ ಅನುದಾನ’ ಎಂದು ಬಂದರೆ ದಯವಿಟ್ಟು ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ನ್ಯಾಯಾಲಯದ ಆದೇಶ’ ಎಂದು ಬರೆಯಿರಿ. ಅದಕ್ಕಾಗಿ ಸಭೆಯಲ್ಲಿ ದನಿ ಎತ್ತಿದ ಶಾಸಕರಿದ್ದಾರೆ. ದನಿ ಎತ್ತಿದ್ದಕ್ಕೆ ಶ್ರೇಯ ಕೊಡೋಣ.

ಒಂದೇ ಕಟ್ಟಡ ಎಷ್ಟು ಪುಸ್ತಿಕೆಗಳಲ್ಲಿ ಬರಬಹುದು ಎಂಬುದಕ್ಕೆ ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜನ್ನು ನೋಡಿ. ಶಿಲಾನ್ಯಾಸ 2013ರಲ್ಲಿ. 2020ರ ಮಾರ್ಚ್‌ನಲ್ಲಿ ಕರ್ನಾಟಕದ ಗಡಿಯಲ್ಲಿ ಮಣ್ಣು ಸುರಿದು ದಾರಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ನಮ್ಮವರು ಪ್ರಾಣ ಬಿಟ್ಟಾಗ, ಅದರ ಒಂದು ಕಟ್ಟಡವನ್ನು ಅವಸರವಸರವಾಗಿ ಕೋವಿಡ್ ಆಸ್ಪತ್ರೆ ಮಾಡಿದರು. ಎಂ.ಬಿ.ಬಿ.ಎಸ್. ಪ್ರವೇಶಕ್ಕೆ ಅನುಮತಿ ಸಿಕ್ಕಿದ್ದು 2025ರಲ್ಲಿ. ಹನ್ನೆರಡು ವರ್ಷ, ಮೂರು ವಿಧಾನಸಭೆಗಳ ಅವಧಿ. ಪ್ರತಿ ಅವಧಿಯಲ್ಲೂ ಅದು ಸಾಧನೆಯೇ. ಆದ್ದರಿಂದ ಹಳೆಯ ಪುಸ್ತಿಕೆಗಳನ್ನು ಬಿಸಾಡಬೇಡಿ. ಒಲೆ ಹೊತ್ತಿಸಲು ಇಡುವ ಕಾಗದಗಳ ಕಟ್ಟಿನಿಂದ ಅವನ್ನು ಹೊರಗೆ ತೆಗೆದು ಪಡಿತರ ಚೀಟಿಯ ಜೊತೆಗೆ ಇಡಿ. ಹೊಸದು ಬಂದಾಗ ಹಳೆಯದರ ಪಕ್ಕದಲ್ಲಿಟ್ಟು ಓದಿ. ಆ ಸಲ ‘ಮಂಜೂರು’ ಎಂದಿದ್ದ ಕೆಲಸ ಈ ಸಲ ‘ಪೂರ್ಣ’ ಆಗಿದೆಯೇ, ಮತ್ತೆ ‘ಮಂಜೂರು’ ಎಂದೇ ಇದೆಯೇ, ಇಲ್ಲವೇ ಹೆಸರೇ ಕಾಣೆಯಾಗಿದೆಯೇ?

ಕಾನೂನಿನ ಪುಟ

‘ನಮ್ಮ ಶಾಸಕರು ತಂದ ಹೊಸ ಕಾನೂನುಗಳು’ ಎಂಬ ಪುಟ ಇತ್ತೀಚೆಗೆ ಹೆಚ್ಚಾಗಿ ಬರುತ್ತಿದೆ. ಇದು ಒಳ್ಳೆಯ ಬೆಳವಣಿಗೆ. ಶಾಸಕರ ಮೊದಲ ಕೆಲಸ ಶಾಸನ ಮಾಡುವುದು, ಶಬ್ದವೇ ಅದನ್ನು ಹೇಳುತ್ತದೆ. ಆದರೆ ಇಲ್ಲಿ ರಸ್ತೆಗಿಂತಲೂ ಹೆಚ್ಚು ಜಾಗರೂಕರಾಗಿ ಓದಬೇಕು.

ಕೇರಳ ನಿಯಮಸಭೆಯಲ್ಲಿ, ಎಂದರೆ ವಿಧಾನಸಭೆಯಲ್ಲಿ, 140 ಚುನಾಯಿತ ಸದಸ್ಯರಿದ್ದಾರೆ, ನಮ್ಮ ಜಿಲ್ಲೆಯಿಂದ ಐವರು. ಮಸೂದೆ ತರುವುದು ಸಾಮಾನ್ಯವಾಗಿ ಮಂತ್ರಿಗಳು. ಉಳಿದ ಸದಸ್ಯರು ಖಾಸಗಿ ಮಸೂದೆ ತರಬಹುದು, ಅದಕ್ಕೆ ಶುಕ್ರವಾರದ ಕಲಾಪದಲ್ಲಿ ಸಮಯವಿದೆ. ಅವು ಕಾನೂನಾಗುವುದು ತೀರ ಅಪರೂಪ. ಹಾಗಾದರೆ ಸಾಮಾನ್ಯ ಸದಸ್ಯರ ಪಾತ್ರವೇನು? ಮಸೂದೆ ವಿಷಯ ಸಮಿತಿಗೆ ಹೋಗುತ್ತದೆ, ಅಂಥ 14 ಸಮಿತಿಗಳಿವೆ, ಸದಸ್ಯರು ಒಂದಲ್ಲ ಒಂದರಲ್ಲಿರುತ್ತಾರೆ. ಅಲ್ಲಿ ಒಂದೊಂದು ಕಲಮನ್ನೂ ಚರ್ಚಿಸಬಹುದು, ಭಿನ್ನಮತ ಬರೆದಿಡಬಹುದು. ಸಭೆಗೆ ಮರಳಿದ ಮೇಲೆ ತಿದ್ದುಪಡಿ ಮಂಡಿಸಬಹುದು. ಆದ್ದರಿಂದ ‘ತಂದರು’ ಎಂದು ಬರೆದ ಕಡೆ ನೀವು ಕೇಳಬೇಕಾದದ್ದು ಮೂರು: ಮಸೂದೆ ಮಂಡಿಸಿದವರು ಯಾರು? ನಿಮ್ಮ ಶಾಸಕರು ಆ ಸಮಿತಿಯಲ್ಲಿದ್ದರೇ? ಯಾವ ಕಲಮಿಗೆ ತಿದ್ದುಪಡಿ ಕೊಟ್ಟರು? ಮಸೂದೆಗಳು, ತಿದ್ದುಪಡಿಗಳು, ನಡಾವಳಿಗಳು ನಿಯಮಸಭೆಯ ಜಾಲತಾಣದಲ್ಲಿ ಸಿಗುತ್ತವೆ. ಭಾಷಣ ಕೇಳಬೇಕಿದ್ದರೆ 2020ರಲ್ಲಿ ಶುರುವಾದ ಸಭಾ ಟಿವಿ ಇದೆ.

ಇನ್ನು ‘ಜಾರಿಗೆ ಬಂತು’ ಎಂಬ ಮಾತು. ಸಭೆ ಅಂಗೀಕರಿಸಿದ ಮಸೂದೆ ರಾಜ್ಯಪಾಲರ ಮುಂದೆ ಹೋಗಬೇಕು. ಸಂವಿಧಾನದ 200ನೇ ವಿಧಿಯಂತೆ ಅವರು ಅಂಕಿತ ಹಾಕಬಹುದು, ಹಿಂದಿರುಗಿಸಬಹುದು, ರಾಷ್ಟ್ರಪತಿಗೆ ಕಾದಿರಿಸಬಹುದು. ಅಂಕಿತ ಬಿದ್ದು ಗೆಜೆಟ್ಟಿನಲ್ಲಿ ಬಂದ ಮೇಲೆಯೂ ಕಾನೂನಿನ ಒಂದನೇ ಕಲಮು ನೋಡಬೇಕು. ‘ಸರಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ದಿನಾಂಕದಿಂದ’ ಎಂದಿದ್ದರೆ ಆ ಅಧಿಸೂಚನೆ ಬೇರೆಯೇ ಬರಬೇಕು. ಅದಾದ ಮೇಲೆ ನಿಯಮಗಳು. ನಿಯಮವಿಲ್ಲದಿದ್ದರೆ ಯಾವ ಫಾರಂ ತುಂಬಬೇಕು, ಯಾರಿಗೆ ಕೊಡಬೇಕು ಎಂದು ಕಚೇರಿಯವರಿಗೂ ಗೊತ್ತಿರುವುದಿಲ್ಲ.

ಎರಡು ನಿಜವಾದ ಉದಾಹರಣೆ ಕೊಡುತ್ತೇನೆ. ಕೇರಳ ಸಾರ್ವಜನಿಕ ಆರೋಗ್ಯ ಮಸೂದೆಯನ್ನು ನಿಯಮಸಭೆ ಅಂಗೀಕರಿಸಿದ್ದು 2023ರ ಮಾರ್ಚ್‌ನಲ್ಲಿ, ರಾಜ್ಯಪಾಲರ ಅಂಕಿತ ಬಿದ್ದದ್ದು ನವೆಂಬರ್ ಕೊನೆಯಲ್ಲಿ. ಅಲ್ಲಿಯವರೆಗೆ ಮಲಬಾರಿನ ಭಾಗಕ್ಕೆ ನಡೆಯುತ್ತಿದ್ದದ್ದು 1939ರ ಮದ್ರಾಸ್ ಕಾನೂನು, ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದ್ದು. ಆ ನಡುವಿನ ಎಂಟು ತಿಂಗಳಲ್ಲಿ ‘ಹೊಸ ಆರೋಗ್ಯ ಕಾನೂನು ಬಂದಿದೆ’ ಎಂದು ಯಾರಾದರೂ ಅಚ್ಚು ಹಾಕಿಸಿದ್ದರೆ ಅದು ಅವಸರದ ಮಾತು. ಇನ್ನೊಂದು ಭೂಮಿ ಹಂಚಿಕೆಯ ತಿದ್ದುಪಡಿ. ಸರಕಾರ ಕೊಟ್ಟ ಪಟ್ಟಾ ಜಾಗದಲ್ಲಿ ಅಂಗಡಿ ಕಟ್ಟಿಕೊಂಡವರು ಇದಕ್ಕಾಗಿ ಕಾದಿದ್ದರು. ಸಭೆ ಅಂಗೀಕರಿಸಿದ್ದು 2023ರ ಸೆಪ್ಟೆಂಬರ್‌ನಲ್ಲಿ, ಅಂಕಿತ 2024ರ ಏಪ್ರಿಲ್‌ನಲ್ಲಿ, ನಿಯಮಗಳಿಗೆ ಸಚಿವ ಸಂಪುಟ ಒಪ್ಪಿದ್ದು 2025ರಲ್ಲಿ. ಮೊದಲ ಸುದ್ದಿ ಓದಿದ ಮರುದಿನವೇ ಗ್ರಾಮ ಕಚೇರಿಗೆ ಹೋದವರು ಬರಿಗೈಯಲ್ಲಿ ಬರಬೇಕಾದ ಕಾರಣ ಇದು.

ಕನ್ನಡಿಗರಾದ ನಾವು ಯಾವ ಹೊಸ ಕಾನೂನು ಬಂದರೂ ಅದರಲ್ಲಿ ‘ಭಾಷಾ ಅಲ್ಪಸಂಖ್ಯಾತ’ ಎಂಬ ಶಬ್ದ ಎಲ್ಲಿದೆ ಎಂದು ಹುಡುಕಬೇಕು. 2017ರಲ್ಲಿ ಎಲ್ಲ ಶಾಲೆಗಳಲ್ಲಿ ಮಲಯಾಳ ಕಲಿಕೆ ಕಡ್ಡಾಯವೆಂಬ ಕಾನೂನು ಮೊದಲು ಸುಗ್ರೀವಾಜ್ಞೆಯಾಗಿ, ಬಳಿಕ ಶಾಸನವಾಗಿ ಬಂದಾಗ ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕರು, ಹೆತ್ತವರು ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. ಆಗ ಮುದ್ರಣಾಲಯದಲ್ಲಿ ನಾವು ರಾತ್ರಿ ಹತ್ತರವರೆಗೂ ಕರಪತ್ರ ತೆಗೆದಿದ್ದೆವು. ಇಂಥ ಕಾನೂನು ಸಭೆಯ ಮುಂದಿದ್ದ ದಿನ ನಿಮ್ಮ ಶಾಸಕರು ಎದ್ದು ನಿಂತರೇ, ಏನು ಹೇಳಿದರು, ಯಾವ ತಿದ್ದುಪಡಿ ಕೊಟ್ಟರು? ಸಾಧನೆಯ ಪುಸ್ತಿಕೆಯಲ್ಲಿ ನನ್ನ ಮಟ್ಟಿಗೆ ಅತಿ ಮುಖ್ಯವಾದ ಸಾಲು ಅದೇ, ಹೆಚ್ಚಿನ ಪುಸ್ತಿಕೆಗಳಲ್ಲಿ ಇಲ್ಲದಿರುವ ಸಾಲೂ ಅದೇ. ಪ್ರಮಾಣವಚನವನ್ನು ಕನ್ನಡದಲ್ಲಿ ಸ್ವೀಕರಿಸಿದವರು ನಮ್ಮಲ್ಲಿದ್ದಾರೆ, ಅದು ಹೆಮ್ಮೆಯ ವಿಷಯ. ಐದು ವರ್ಷಗಳಲ್ಲಿ ಕನ್ನಡದ ಬಗ್ಗೆ ಎಷ್ಟು ಪ್ರಶ್ನೆ ಕೇಳಿದರು ಎಂಬುದನ್ನೂ ಎಣಿಸೋಣ.

ಪ್ರಶ್ನೆಗಳು ಎಂದಾಗ ಒಂದು ಮಾತು. ಶಾಸಕರು ಕೇಳಿದ ಪ್ರಶ್ನೆಗೆ ಮಂತ್ರಿ ಕೊಟ್ಟ ಉತ್ತರ ಪುಸ್ತಿಕೆಗಿಂತ ನಂಬಲರ್ಹ ಕಾಗದ. ಸಭೆಗೆ ಬೇಕೆಂದೇ ತಪ್ಪು ಮಾಹಿತಿ ಕೊಟ್ಟರೆ ಹಕ್ಕುಚ್ಯುತಿಯಾಗುತ್ತದೆ, ಆದ್ದರಿಂದ ಅಧಿಕಾರಿಗಳು ಎಚ್ಚರದಿಂದ ಬರೆಯುತ್ತಾರೆ. ನಿಮ್ಮ ರಸ್ತೆಯ ಹೆಸರಿನಲ್ಲಿ ಹುಡುಕಿ. ಉತ್ತರ ಮಲಯಾಳದಲ್ಲಿರುತ್ತದೆ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ, ಅವರಿಗೆ ಬರುತ್ತದೆ.

ಕಾಗದ ಕೇಳುವ ಕ್ರಮ

ಮೊದಲು ಶಾಸಕರ ಕಚೇರಿಗೇ ಹೋಗಿ. ಜಗಳಕ್ಕಲ್ಲ. ಪುಸ್ತಿಕೆಯನ್ನು ತೆರೆದು ಸಾಲು ತೋರಿಸಿ, “ಇದರ ಆದೇಶದ ಸಂಖ್ಯೆ ಮತ್ತು ದಿನಾಂಕ ಬೇಕಿತ್ತು” ಎನ್ನಿ. ಅನೇಕ ಸಲ ಅಲ್ಲಿನ ಸಹಾಯಕರು ಫೈಲು ತೆಗೆದು ಕೊಟ್ಟೇ ಬಿಡುತ್ತಾರೆ. ನಿಜವಾಗಿ ಕೆಲಸ ಮಾಡಿದವರಿಗೆ ಸಂಖ್ಯೆ ಕೊಡುವುದು ಕಷ್ಟವಲ್ಲ, ಕೇಳುವವರು ಬಂದರೆಂದು ಸಂತೋಷಪಟ್ಟವರನ್ನೂ ಕಂಡಿದ್ದೇನೆ. ಸಂಖ್ಯೆ ಸಿಕ್ಕರೆ ಅರ್ಧ ಕೆಲಸ ಮುಗಿಯಿತು, ಅದನ್ನು ಹಿಡಿದು ಯಾವ ಕಚೇರಿಗೂ ಹೋಗಬಹುದು. ಸಣ್ಣ ಕಾಮಗಾರಿಯಾದರೆ ಪಂಚಾಯತಿಯಲ್ಲಿ ಕೂರುವ ಅಸಿಸ್ಟೆಂಟ್ ಎಂಜಿನಿಯರ್, ದೊಡ್ಡ ರಸ್ತೆಯಾದರೆ ಲೋಕೋಪಯೋಗಿ ಇಲಾಖೆಯ ಸೆಕ್ಷನ್ ಕಚೇರಿ.

ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಇದನ್ನು ಶಾಸಕರಿಗೆ ಬರೆಯಬೇಡಿ, ಹಣ ಖರ್ಚು ಮಾಡುವ ಕಚೇರಿಯ ಮಾಹಿತಿ ಅಧಿಕಾರಿಗೆ ಬರೆಯಿರಿ. ಬಿಳಿ ಹಾಳೆ ಸಾಕು. ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ. ‘ಯಾಕೆ ಆಗಲಿಲ್ಲ?’ ಎಂದು ಕೇಳಬೇಡಿ, ಏಕೆಂದರೆ ಕಾನೂನು ಕೊಡಿಸುವುದು ದಾಖಲೆಯನ್ನು, ವಿವರಣೆಯನ್ನಲ್ಲ. ನಾನು ಸಂಕದ ಬಗ್ಗೆ ಬರೆದದ್ದು ಹೀಗಿತ್ತು:

‘ಮಾಹಿತಿ ಹಕ್ಕು ಕಾಯ್ದೆ 2005ರ 6(1)ನೇ ಕಲಮಿನಂತೆ ಮೇಲಿನ ಕಾಲುಸಂಕ ಕಾಮಗಾರಿಗೆ ಸಂಬಂಧಿಸಿದ ಈ ದಾಖಲೆಗಳ ಪ್ರತಿ ಬೇಕು. ಆಡಳಿತಾನುಮತಿಯ ಆದೇಶ. ತಾಂತ್ರಿಕ ಅನುಮತಿಯ ಆದೇಶ ಮತ್ತು ಅಂದಾಜುಪಟ್ಟಿ. ಈವರೆಗೆ ಕರೆದ ಟೆಂಡರುಗಳ ದಿನಾಂಕ, ಪ್ರತಿ ಸಲ ಬಂದ ಬಿಡ್ಡುಗಳ ಸಂಖ್ಯೆ. ಕರಾರು ಆಗಿದ್ದರೆ ಅದರ ಪ್ರತಿ. ಅಳತೆ ಪುಸ್ತಕದ ಪುಟಗಳು. ಪಾವತಿಸಿದ ಮೊತ್ತ. ಉತ್ತರವನ್ನು ಕನ್ನಡದಲ್ಲಿ ಕೊಡಬೇಕೆಂದು ವಿನಂತಿ.’

ಕೊನೆಯ ವಾಕ್ಯವನ್ನು ಬಿಡಬೇಡಿ. 1969ರ ಕೇರಳ ಅಧಿಕೃತ ಭಾಷಾ ಶಾಸನವು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ಸೆಕ್ರೆಟೇರಿಯೇಟಿನೊಂದಿಗೆ, ಇಲಾಖಾ ಮುಖ್ಯಸ್ಥರ ಕಚೇರಿಗಳೊಂದಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆಯ ಸ್ಥಳೀಯ ಸರಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಸಂವಿಧಾನದ 350ನೇ ವಿಧಿಯೂ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು ಎನ್ನುತ್ತದೆ. ಒಂದು ಕಚೇರಿಯಲ್ಲಿ ನನ್ನ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿ “ಮಲಯಾಳದಲ್ಲಿ ಬರೆದುಕೊಂಡು ಬನ್ನಿ” ಎಂದರು. ನಾನು ಅರ್ಜಿ ಹಿಂದೆ ತೆಗೆದುಕೊಳ್ಳಲಿಲ್ಲ. 1969ರ ಶಾಸನದ ಹೆಸರನ್ನು ಅರ್ಜಿಯ ತಲೆಗೆ ಬರೆದು, ಸ್ವೀಕೃತಿಯ ಸಹಿ ಕೇಳಿದೆ. ಸಿಕ್ಕಿತು. ನೀವು ಮಲಯಾಳ ಚೆನ್ನಾಗಿ ಬಲ್ಲವರಾಗಿದ್ದರೂ ಕನ್ನಡದಲ್ಲೇ ಬರೆಯಿರಿ. ಕನ್ನಡದ ಅರ್ಜಿಗಳು ಬರುವುದೇ ನಿಂತರೆ ಕನ್ನಡ ಬಲ್ಲ ನೌಕರರು ಇಲ್ಲಿಗೆ ಬೇಡ ಎನ್ನಲು ಅದೊಂದೇ ಕಾರಣ ಸಾಕಾಗುತ್ತದೆ.

30 ದಿನಗಳಲ್ಲಿ ಉತ್ತರ ಬರಬೇಕು. ತಪ್ಪು ಕಚೇರಿಗೆ ಹಾಕಿದ್ದರೆ ಅವರೇ ಐದು ದಿನದೊಳಗೆ ಸರಿಯಾದ ಕಡೆಗೆ ಕಳುಹಿಸಬೇಕು. ಬಾರದಿದ್ದರೆ ಮೇಲಧಿಕಾರಿಗೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗ. ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿಡಿ. ಇದೇ ಕಾಯ್ದೆಯಲ್ಲಿ ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ಮಾದರಿ ಪಡೆಯುವ ಹಕ್ಕೂ ಇದೆ.

ಸ್ಥಳಕ್ಕೆ ಹೋಗುವುದು ಸುಲಭ. ಮೆಕಾಡಂ ಡಾಮರು ಹಾಕಿದ ಲೋಕೋಪಯೋಗಿ ರಸ್ತೆಯ ಬದಿಯಲ್ಲಿ ದೋಷ ಹೊಣೆಗಾರಿಕೆಯ ಅವಧಿ ಬರೆದ ಹಲಗೆ ಇರುತ್ತದೆ, ಅದರಲ್ಲಿ ಗುತ್ತಿಗೆದಾರರ ಮತ್ತು ಎಂಜಿನಿಯರರ ಫೋನ್ ಸಂಖ್ಯೆಗಳಿರುತ್ತವೆ. ಚಿತ್ರ ತೆಗೆದಿಡಿ. ಆ ಅವಧಿಯೊಳಗೆ ಹೊಂಡ ಬಿದ್ದರೆ ಮುಚ್ಚಬೇಕಾದದ್ದು ಅದೇ ಗುತ್ತಿಗೆದಾರರ ಖರ್ಚಿನಲ್ಲಿ. ಅದಕ್ಕೆ ಮತ್ತೆ ಶಾಸಕರ ನಿಧಿ ಬಂತು ಎಂದು ಪುಸ್ತಿಕೆಯಲ್ಲಿ ಕಂಡರೆ ಕೂಡಲೇ ಕೇಳಿ. ಸಿಕ್ಕ ಕಾಗದಗಳನ್ನು ಗ್ರಾಮಸಭೆಗೆ ಒಯ್ಯಿರಿ. ಮೂರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕೆಂದು ಪಂಚಾಯತ್ ರಾಜ್ ಕಾನೂನು ಹೇಳುತ್ತದೆ. ಅಲ್ಲಿ ಎದ್ದು ನಿಂತು ಆದೇಶದ ಸಂಖ್ಯೆ ಓದಿದರೆ ನಡಾವಳಿಯಲ್ಲಿ ದಾಖಲಾಗುತ್ತದೆ.

ನಮ್ಮ ಸಂಕದ ಉತ್ತರ ಇಪ್ಪತ್ತೇಳನೇ ದಿನ ಬಂತು. ಎರಡು ಟೆಂಡರಿಗೂ ಬಿಡ್ಡುಗಳ ಸಂಖ್ಯೆ ಸೊನ್ನೆ ಎಂದಿತ್ತು. ಅದನ್ನು ಹಿಡಿದು ಅಕ್ಕನೂ ನಾನೂ ಇನ್ನು ನಾಲ್ವರೂ ಶಾಸಕರನ್ನು ಕಂಡೆವು. ಸಾಗಾಟದ ವೆಚ್ಚ ಸೇರಿಸಿ ಅಂದಾಜುಪಟ್ಟಿ ತಿದ್ದಿಸಬೇಕೆಂದು ಅವರು ಎಂಜಿನಿಯರಿಗೆ ನಮ್ಮೆದುರೇ ಪತ್ರ ಬರೆದರು. ಮುಂದಿನ ಪುಸ್ತಿಕೆಯ ಹಸ್ತಪ್ರತಿ ಬಂದಾಗ ಆ ಸಾಲನ್ನು ನಾನು ಅವರ ಕಚೇರಿಗೆ ಫೋನ್ ಮಾಡಿ ಕೇಳಿಕೊಂಡು ಜೋಡಿಸಿದೆ: ‘ಕಾಲುಸಂಕ: ಆಡಳಿತಾನುಮತಿ, ತಾಂತ್ರಿಕ ಅನುಮತಿ ದೊರೆತಿವೆ. ಎರಡು ಬಾರಿ ಟೆಂಡರಿಗೆ ಯಾರೂ ಬರಲಿಲ್ಲ. ತಿದ್ದಿದ ಅಂದಾಜಿನ ಮೇಲೆ ಮೂರನೆಯ ಟೆಂಡರಿನಲ್ಲಿ ಕರಾರು ಆಗಿದೆ. ಕೆಲಸ ಶುರುವಾಗಿಲ್ಲ.’ ಕೆಳಗೆ ಆದೇಶದ ಸಂಖ್ಯೆ, ದಿನಾಂಕ.

ಅಚ್ಚಿನ ಮೊದಲ ಹಾಳೆಯನ್ನು ಅಕ್ಕನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು.

“ಕರಾರಿನಲ್ಲಿ ಎಷ್ಟು ತಿಂಗಳು ಕೊಟ್ಟಿದ್ದಾರೆ ಅಣ್ಣ?”

“ಒಂಬತ್ತು.”

ಅವರು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳು ಮಡಚಿ ಎಣಿಸತೊಡಗಿದರು.